ಕಾಯಿಪುಡಿ ಫ್ಯಾಕ್ಟರಿಯ ಆಂತರಿಕ ಸಮಿತಿ

೪ ಆಗಸ್ಟ್ ೨೦೨೫, ಸೋಮವಾರ

ಇವತ್ತಿನಿಂದ ನಾನು ಅಧ್ಯಕ್ಷೆ. ಯಾವುದಕ್ಕೆ ಎಂದು ಯಾರಾದರೂ ಕೇಳಿದರೆ ಹೇಳಲು ನಾಚಿಕೆ. ಕೆಲಸದ ಜಾಗದಲ್ಲಿ ಹೆಂಗಸರಿಗೆ ಗಂಡಸರು ಲೈಂಗಿಕ ಕಿರುಕುಳ ಕೊಟ್ಟರೆ ವಿಚಾರಿಸುವ ಆಂತರಿಕ ಸಮಿತಿಗೆ.

ಈ ಕಾನೂನು ಬಂದು ಹನ್ನೆರಡು ವರ್ಷ. ಹುಳಿಯಾರು ರಸ್ತೆಯ ಈ ಕಾಯಿಪುಡಿ ಫ್ಯಾಕ್ಟರಿಯಲ್ಲಿ ನಾನು ಆಫೀಸು ನೋಡಿಕೊಳ್ಳಲು ಶುರುಮಾಡಿದ್ದು ಅದಕ್ಕೂ ಮುಂಚೆ. ಇಷ್ಟು ಕಾಲವೂ ನಮ್ಮ ಮಾಲೀಕ ತೋಂಟದಾರ್ಯನಿಗೆ ಅಂಥದ್ದೊಂದು ಕಾನೂನಿದೆ ಎಂದೇ ಗೊತ್ತಿರಲಿಲ್ಲ. ಈಗ ಯಾವ ಕಂಪನಿಯಲ್ಲಿ ಸಮಿತಿ ಇದೆ, ಎಲ್ಲಿ ಇಲ್ಲ ಎಂದು ಜಿಲ್ಲೆ ಜಿಲ್ಲೆಯಲ್ಲೂ ನೋಡಬೇಕು ಅಂತ ಸುಪ್ರೀಂ ಕೋರ್ಟು ಹೇಳಿದೆಯಂತೆ. ಅದು ಸಾಲದು ಎಂದು, ಎಷ್ಟು ದೂರು ಬಂತು, ಎಷ್ಟು ತೀರ್ಮಾನವಾಯಿತು ಎಂಬುದನ್ನು ಕಂಪನಿಯ ನಿರ್ದೇಶಕರು ವಾರ್ಷಿಕ ವರದಿಯಲ್ಲಿ ಬರೆಯಲೇಬೇಕು ಎಂದು ಜುಲೈನಿಂದ ಹೊಸ ನಿಯಮ. ತುಮಕೂರಿನ ಆಡಿಟರು ಫೋನಿನಲ್ಲಿ ಹೆದರಿಸಿದ್ದಾರೆ. ತೋಂಟದಾರ್ಯ ಬೆವರು ಒರೆಸಿಕೊಳ್ಳುತ್ತಾ ನನ್ನ ಮೇಜಿಗೆ ಬಂದ.

"ಅನಸೂಯಮ್ನೋರೆ, ಇಲ್ಲೊಂದು ಸೈನ್ ಹಾಕ್ಬುಡಿ. ಸೀನಿಯರ್ ಲೇಡಿ ಅಂದ್ರೆ ಇಲ್ಲಿ ನೀವೊಬ್ರೇ."

"ಏನು ಮಾಡಬೇಕು?"

"ಏನೂ ಮಾಡಂಗಿಲ್ಲ ಕಣ್ರೀ. ಗೋಡೆ ಮ್ಯಾಲೆ ಬೋರ್ಡ್ನಾಗೆ ಹೆಸ್ರಿರ್ತದೆ ಅಷ್ಟೇಯ. ಈ ವರ್ಸದ ರಿಪೋರ್ಟ್ಗೆ ದೂರು ಸೊನ್ನೆ ಅಂತ ಬರ್ದಾಯ್ತು. ಮುಂದ್ಲೊರ್ಸಾನೂ ಅಂಗೇ ಇರ್ಲಿ. ನಮ್ ಮಾಲ್ ತಕಳೋ ಜರ್ಮನಿ ಪಾರ್ಟಿಯೋರು ಇವ್ನೆಲ್ಲ ಓದ್ತಾರೆ."

ಸದಸ್ಯರ ಯೋಗ್ಯತೆ ನೋಡಬೇಕು. ತೆಂಗಿನಕಾಯಿಯ ತಿರುಳಿನ ಕಂದು ಸಿಪ್ಪೆ ಹೆರೆಯುವ ಪೀಲಿಂಗ್ ಸೆಕ್ಷನ್ನಿನ ಪುಟ್ಟಗಂಗಮ್ಮ. ಸಂಬಳದ ದಿನ ಸಹಿ ಮಾಡುವಾಗ ನಾಲಿಗೆ ಹೊರಗೆ ಹಾಕುತ್ತಾಳೆ. ಬಾಯ್ಲರ್ ನೋಡಿಕೊಳ್ಳುವ ಹಂದನಕೆರೆಯ ಕಾಂತೇಶ, ನಿಂತಲ್ಲೇ ತೂಕಡಿಸುತ್ತಾನೆ. ಹೊರಗಿನವರೊಬ್ಬರು ಇರಬೇಕೆಂದು ಕಾನೂನು ಹೇಳುತ್ತದಂತೆ, ಅದಕ್ಕೆ ತಿಪಟೂರಿನಿಂದ ಮಧುಶ್ರೀ ಎಂಬ ವಕೀಲೆ. ಈ ಮೂವರ ಮೇಲೆ ನಾನು.

ಸಹಿ ಹಾಕಿದೆ. ಬೋರ್ಡಿನಲ್ಲಿ 'ಅದ್ಯಕ್ಷೆ' ಎಂದು ಬರೆಸಿ ತಂದ. ವಾಪಸ್ ಕಳಿಸಿದೆ.

೧೩ ಆಗಸ್ಟ್, ಬುಧವಾರ

ಮಧುಶ್ರೀ ಬಂದು ಭಾಷಣ ಮಾಡಿದಳು. ಮೂವತ್ತು ದಾಟಿರಲಾರದು, ಆದರೆ ಮಾತಿಗೊಮ್ಮೆ ಸೆಕ್ಷನ್ನು. ಕಾಯಿ ನೀರು ಹರಿಯುವ ನೆಲದ ಮೇಲೆ ಎತ್ತರದ ಚಪ್ಪಲಿ ಹಾಕಿಕೊಂಡು ಬಂದು ಎರಡು ಸಲ ಜಾರಿದಳು. ಪೀಲಿಂಗಿನ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು. ಇವರಿಗೆ ಕಾನೂನು ಬೇರೆ ಕೇಡು. ಶಿಫ್ಟ್ ಮುಗಿದರೂ ಮನೆಗೆ ಹೋಗದೆ ಗೇಟಿನಲ್ಲಿ ಹಲ್ಲು ಕಿರಿಯುತ್ತಾ ನಿಂತಿರುತ್ತಾರೆ, ಆಮೇಲೆ ಯಾರೋ ಏನೋ ಅಂದ ಎಂದು ಅಳುತ್ತಾರೆ.

ಪ್ರೊಡಕ್ಷನ್ ಮ್ಯಾನೇಜರ್ ಮೋಹನ್ ಕುಮಾರ್ ಒಬ್ಬರೇ ಶ್ರದ್ಧೆಯಿಂದ ಕೇಳಿ, ಕೊನೆಯಲ್ಲಿ ಎದ್ದು ಚೊಕ್ಕ ಕನ್ನಡದಲ್ಲಿ ವಂದನೆ ಹೇಳಿದರು. ಈ ಫ್ಯಾಕ್ಟರಿಯಲ್ಲಿ ನಾನು ತಿದ್ದದೇ ಕಳಿಸುವ ಪತ್ರ ಅಂದರೆ ಅವರದು ಮಾತ್ರ. ಭಾನುವಾರದ ಪುರವಣಿಯ ಪದಬಂಧವನ್ನು ಅರ್ಧ ತುಂಬಿ, ಉಳಿದದ್ದು ನನಗೆಂದು ಬಿಟ್ಟು ಸೋಮವಾರ ತಂದುಕೊಡುತ್ತಾರೆ. ಇಂಥ ಮನುಷ್ಯ ಈ ಹುಳಿ ವಾಸನೆಯಲ್ಲಿ ಹೇಗೆ ಇದ್ದಾರೋ.

ಸಮಿತಿಯಲ್ಲಿ ನಡೆದದ್ದನ್ನು ಗಂಡನಿಗೂ ಹೇಳುವಂತಿಲ್ಲ ಎಂದಳು ವಕೀಲೆ. ನನ್ನ ಗಂಡ ರಂಗಣ್ಣ ಸಾರಿಗೆ ಬಸ್ಸಿನ ಡ್ರೈವರ್ ಆಗಿ ನಿವೃತ್ತರಾದವರು. ಹೇಳಿದರೂ ಕೇಳಿಸಿಕೊಳ್ಳುವವರಲ್ಲ. ಆದರೂ ನಿಯಮ ನಿಯಮವೇ. ಏನಾದರೂ ಇದ್ದರೆ ಇಲ್ಲಿ ಬರೆಯುತ್ತೇನೆ. ಏನೂ ಇರುವುದಿಲ್ಲ.

೮ ಸೆಪ್ಟೆಂಬರ್, ಸೋಮವಾರ

ದೂರು ಬಂತು.

ಟೈಲರ್ ಖಾಸಿಂ ಸಾಬನ ಮಗಳು. ಫರ್ಹಾ ಎಂದು ಹೆಸರು. ಬಿ.ಕಾಂ. ಮಾಡಿ ಪ್ಯಾಕಿಂಗಿನಲ್ಲಿ ತೂಕ, ಸೀಲು ನೋಡಿಕೊಳ್ಳುತ್ತಿದ್ದಳು. ಎರಡು ವಾರದಿಂದ ಪೀಲಿಂಗಿಗೆ ಹಾಕಿದ್ದಾರೆ. ಒದ್ದೆ ಕೈ ಚೂಡಿದಾರಕ್ಕೆ ಒರೆಸಿಕೊಳ್ಳುತ್ತಾ ನನ್ನ ಮೇಜಿನ ಮುಂದೆ ನಿಂತಳು. ಬೆರಳ ತುದಿಗಳು ನೀರಿನಲ್ಲಿ ನೆನೆದು ಬಿಳಿಚಿ ಸುಲಿದಿದ್ದವು. ನಾಲ್ಕು ಮಡಿಕೆ ಮಾಡಿದ ಹಾಳೆ ಕೊಟ್ಟಳು.

ಮೋಹನ್ ಕುಮಾರ್ ಅವರ ಮೇಲಂತೆ! ಆಗಸ್ಟ್ ೧೭ರ ಭಾನುವಾರ ರಫ್ತಿನ ಮಾಲು ಹೊರಡಬೇಕಿತ್ತು. ಸ್ಯಾಂಪಲ್ ನೋಡಬೇಕು ಬಾ ಎಂದು ಸ್ಯಾಂಪಲ್ ಕೋಣೆಗೆ ಕರೆದು ಚಿಲಕ ಹಾಕಿದರಂತೆ. ಸೊಂಟಕ್ಕೆ ಕೈ ಹಾಕಿದರಂತೆ. ಬಿಡಿ ಎಂದರೂ ಬಿಡಲಿಲ್ಲವಂತೆ. ಅದಕ್ಕೂ ಮುಂಚೆ ಎರಡು ತಿಂಗಳಿಂದ, ನೀನು ಮನಸ್ಸು ಮಾಡಿದರೆ ಸೂಪರ್‌ವೈಸರ್ ಆಗಬಹುದು ಎನ್ನುತ್ತಿದ್ದರಂತೆ. ಒಪ್ಪದ್ದಕ್ಕೆ ಪೀಲಿಂಗಿಗೆ ಹಾಕಿದರಂತೆ.

ಒಂದು ಪುಟದಲ್ಲಿ ಏಳು ಕಾಗುಣಿತದ ತಪ್ಪು. 'ಕಿರಿಕುಳ' ಎಂದು ಬರೆದಿದ್ದಾಳೆ. ಕೆಂಪು ಪೆನ್ನು ಕೈಗೆ ಬಂದದ್ದೇ ಗೊತ್ತಾಗಲಿಲ್ಲ, ತಿದ್ದಲು ಶುರುಮಾಡಿದ್ದೆ.

"ಬೇಡ ಮೇಡಂ," ಎಂದಳು. "ತಪ್ಪಿದ್ರೆ ಇರ್ಲಿ. ನಾನು ಬರ್ದಿದ್ದು ನಾನು ಬರ್ದಂಗೇ ಇರ್ಲಿ."

ಏನು ಧಿಮಾಕು! ಹೊಸ ಹಾಳೆ ಕೊಟ್ಟೆ. ಅಲ್ಲೇ ನಿಂತುಕೊಂಡು ಅವೇ ಏಳು ತಪ್ಪುಗಳೊಂದಿಗೆ ಮತ್ತೆ ಬರೆದುಕೊಟ್ಟಳು.

೯ ಸೆಪ್ಟೆಂಬರ್, ಮಂಗಳವಾರ

ತೋಂಟದಾರ್ಯ ಎರಡು ಸಲ ನೀರು ಕುಡಿದ. "ರಾಜಿ ಮಾಡ್ಸ್ಬುಡಿ ಅನಸೂಯಮ್ನೋರೆ. ನಿಮ್ಮಂಥೋರು ಹೇಳುದ್ರೆ ಕೇಳ್ತಾಳೆ."

ರಾಜಿ ಬೇಕೆಂದು ಅವಳೇ ಕೇಳಿದರೆ ಮಾತ್ರ ಮಾಡಿಸಬಹುದು, ನಾವಾಗಿ ಕೇಳುವಂತಿಲ್ಲ ಎಂದು ಫೋನಿನಲ್ಲಿ ಮಧುಶ್ರೀ ಹೇಳಿದಳು. ಅದನ್ನೇ ತೋಂಟದಾರ್ಯನಿಗೆ ಹೇಳಿದೆ. "ಇದ್ಯಾವ ಸೀಮೆ ಕಾನೂನ್ರೀ!" ಎಂದ. ಓದದೆ ಸಹಿ ಹಾಕಿಸಿದವನು ಇವನು.

ನನಗೂ ಈ ದೂರಿನ ಮೇಲೆ ನಂಬಿಕೆಯಿಲ್ಲ. ಆದರೆ ವಿಚಾರಣೆ ಎಂದ ಮೇಲೆ ಸರಿಯಾಗಿ ಆಗಬೇಕು. ಮೋಹನ್ ಕುಮಾರ್ ಅವರ ಹೆಸರು ಸರಿಯಾದ ಕ್ರಮದಲ್ಲೇ ನಿಷ್ಕಳಂಕವಾಗಲಿ.

೧೪ ಸೆಪ್ಟೆಂಬರ್, ಭಾನುವಾರ

ಖಾಸಿಂ ಸಾಬ್ ಮನೆಗೆ ಬಂದ. ಇಪ್ಪತ್ತು ವರ್ಷದಿಂದ ನನ್ನ ರವಿಕೆ ಹೊಲಿಯುವವನು. ಅಂಗಡಿಯಲ್ಲಿ ಎಂದೂ ಬಾಯಿ ನಿಲ್ಲದವನು ಇವತ್ತು ಜಗುಲಿಯ ತುದಿಯಲ್ಲಿ ಮುದುಡಿ ಕೂತ. ಮಗಳ ದೂರು ವಾಪಸ್ ತೆಗೆದುಕೊಳ್ಳುವುದಕ್ಕೆ ಬಂದಿದ್ದಾನೆ ಎಂದುಕೊಂಡೆ.

"ನೋಡಿ ಸಾಬರೇ, ದೂರು ಕೊಟ್ಟವಳು ಅವಳು. ನೀವು ಬೇಡ ಅಂದರೆ ನಡೆಯುವುದಿಲ್ಲ."

"ಬ್ಯಾಡ ಅನ್ನಾಕೆ ಬರ್ಲಿಲ್ಲಮ್ಮ. ನನ್ ಮಗ್ಳು ಸುಳ್ಳು ಹೇಳೋಳಲ್ಲ. ಅವಯ್ಯನ್ನ ಕಂಡ್ರೆ ನಂಗೆ ಹೆದ್ರಿಕೆ ಇಲ್ಲ. ಸಾವ್ಕಾರ್ರನ್ನ ಕಂಡ್ರೂ ಇಲ್ಲ." ನೆಲ ನೋಡಿದ. "ತೀರ್ಪು ಬರೆಯೋರು ನೀವಲ್ವಾ? ಅದೇ ಹೆದ್ರಿಕೆ. ನಿಮ್ಮನ್ನ ಇಷ್ಟು ವರ್ಸದಿಂದ ಬಲ್ಲೆ."

ನನ್ನನ್ನು ಬಲ್ಲನಂತೆ! ಅಳತೆ ಬಲ್ಲ, ಅಷ್ಟೆ.

ಕಾಫಿ ಬೇಕಾ ಎಂದು ರಂಗಣ್ಣ ಅವನನ್ನು ಕೇಳಿದರು. ನಾನು ಒಳಗೆ ಹೋದೆ. ಎಷ್ಟು ಹೊತ್ತಾದರೂ ಆ ಮಾತಿನ ಸಿಟ್ಟು ಇಳಿಯಲಿಲ್ಲ. ಅಷ್ಟು ಸಿಟ್ಟಾಗಲು ಅದರಲ್ಲಿ ಏನಿದೆ ಎಂದೂ ತಿಳಿಯಲಿಲ್ಲ.

೨೪ ಸೆಪ್ಟೆಂಬರ್, ಬುಧವಾರ

ಮೋಹನ್ ಕುಮಾರ್ ಅವರ ಉತ್ತರ ಬಂತು. ಮೂರು ಪುಟ. ಒಂದು ಅಕ್ಷರ ತಪ್ಪಿಲ್ಲ. ಸಮಿತಿಯ ಮುಂದೆ ನಾನೇ ಓದಿದೆ. ದೂರು ಕಟ್ಟುಕತೆ, ಕೆಲಸದಲ್ಲಿ ಅಸಡ್ಡೆ ಮಾಡಿದ್ದಕ್ಕೆ ವಿಭಾಗ ಬದಲಿಸಿದ್ದರ ಸೇಡು ಎಂದೆಲ್ಲ ಇತ್ತು. ಎರಡನೆಯ ಪುಟದ ಕೊನೆಯಲ್ಲಿ ಹೀಗಿತ್ತು:

"ಇಲ್ಲಿನ ಹೆಣ್ಣುಮಕ್ಕಳ ನಡತೆಯ ಬಗ್ಗೆ ಮಾನ್ಯ ಅಧ್ಯಕ್ಷೆಯವರಿಗೇ ಚೆನ್ನಾಗಿ ತಿಳಿದಿದೆ. 'ಶಿಫ್ಟ್ ಮುಗಿದರೂ ಗೇಟಿನಲ್ಲಿ ಹಲ್ಲು ಕಿರಿಯುತ್ತಾ ನಿಲ್ಲುತ್ತಾರೆ, ಆಮೇಲೆ ಅಳುತ್ತಾರೆ' ಎಂದು ಅವರೇ ನನ್ನೊಂದಿಗೆ ಒಮ್ಮೆ ಹೇಳಿದ್ದಾರೆ. ನಮ್ಮಂಥವರಿಗೆ ಇದು ಹೊಸದಲ್ಲ."

ಓದು ನಿಂತಿತು. ಪುಟ್ಟಗಂಗಮ್ಮ ನನ್ನನ್ನೇ ನೋಡುತ್ತಿದ್ದಳು. ಶಿಫ್ಟ್ ಮುಗಿದ ಮೇಲೆ ಹಂದನಕೆರೆ ಕಡೆಯ ಬಸ್ಸಿಗಾಗಿ ದಿನವೂ ಗೇಟಿನಲ್ಲಿ ನಿಲ್ಲುವವಳು ಅವಳು.

"ಮೇಡಂ, ನೀವು ಹೀಗೆ ಹೇಳಿದ್ರಾ?" ಎಂದಳು ಮಧುಶ್ರೀ.

"ಹೇಳಿದ್ದೆ. ಅದು ನನ್ನ ಅಭಿಪ್ರಾಯ. ಅವರ ಸಾಕ್ಷಿ ಅಲ್ಲ."

ನಾನು ಆಡಿದ ಮಾತನ್ನು ನನ್ನನ್ನು ಕೇಳದೆ ತನ್ನ ಬಚಾವಿಗೆ ಬಳಸಿಕೊಳ್ಳುವುದು ಸಭ್ಯತೆಯಲ್ಲ. ನನಗೆ ಕೋಪ ಬಂದದ್ದು ಅದಕ್ಕೆ, ಬೇರೆ ಯಾವುದಕ್ಕೂ ಅಲ್ಲ. 'ನಮ್ಮಂಥವರು' ಅಂತೆ.

೧ ಅಕ್ಟೋಬರ್, ಬುಧವಾರ

ಆಯುಧಪೂಜೆ. ಮೆಷಿನ್ನುಗಳಿಗೆಲ್ಲ ಬಾಳೆಕಂದು, ಬೂದುಗುಂಬಳ. ಮೋಹನ್ ಕುಮಾರ್ ಎಲ್ಲರಿಗೂ ಸಿಹಿ ಹಂಚಿದರು. ನನಗೆ ಬೇಡ, ಸಕ್ಕರೆ ಕಾಯಿಲೆ ಎಂದೆ. ನನಗೆ ಸಕ್ಕರೆ ಕಾಯಿಲೆ ಇಲ್ಲ.

೯ ಅಕ್ಟೋಬರ್, ಗುರುವಾರ

ವಿಚಾರಣೆ. ಆಫೀಸಿನ ಹಿಂದಿನ ಸ್ಟೋರ್ ರೂಮಿನಲ್ಲಿ ನಾಲ್ಕು ಕುರ್ಚಿ ನಮಗೆ, ಎದುರಿಗೆ ಒಂದು ಕುರ್ಚಿ. ಫರ್ಹಾ ಕೂತು ಹೇಳಿದಳು. ಅಳಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು, ಅಳುವವರನ್ನು ನಾನು ಬಲ್ಲೆ. ಇವಳು ಬ್ಯಾಂಕಿನಲ್ಲಿ ವಿಳಾಸ ಹೇಳುವ ಹಾಗೆ ಹೇಳಿದಳು. ಮಧ್ಯೆ ಒಂದೇ ಸಲ ನಿಂತಳು. "ನನ್ ದುಪಟ್ಟಾ ಬಿತ್ತು ಮೇಡಂ. ಅದನ್ನ ಅವ್ರು ತುಳ್ಕೊಂಡು ನಿಂತಿದ್ರು. ಎತ್ಕೊಳ್ಳೋಕೆ ನಾನು ಬಗ್ಗಬೇಕಿತ್ತು. ಬಗ್ಗಲಿಲ್ಲ."

ಆಮೇಲೆ ಏನಾಯಿತು ಎಂದು ಕೇಳಿದೆ. ಹೊರಗಿನಿಂದ ಯಾರೋ ಬಾಗಿಲು ಬಡಿದರು, ಅವರು ಚಿಲಕ ತೆಗೆದರು, ನಾನು ಓಡಿದೆ ಎಂದಳು. ಬಡಿದದ್ದು ಯಾರು ಎಂದೆ. ಅದಕ್ಕೆ ಮಾತ್ರ ಉತ್ತರ ಕೊಡಲಿಲ್ಲ. "ಅವ್ರಿಗೆ ತೊಂದ್ರೆ ಆಗುತ್ತೆ ಮೇಡಂ. ಅವ್ರ ಹೆಸ್ರು ನಾನು ಹೇಳಲ್ಲ."

ಸಾಕ್ಷಿಯ ಹೆಸರು ಹೇಳದ ದೂರು! ಇದಕ್ಕೆ ಏನನ್ನುವುದು ಎಂದು ಬಾಯಿ ತೆಗೆಯುವಷ್ಟರಲ್ಲಿ ಪಕ್ಕದ ಕುರ್ಚಿ ಕಿರುಗುಟ್ಟಿತು. ಪುಟ್ಟಗಂಗಮ್ಮ ಎದ್ದು ನಿಂತಿದ್ದಳು.

"ನಾನು ಕಣವ್ವ," ಎಂದಳು. ನನಗಲ್ಲ, ಫರ್ಹಾಳಿಗೆ. ಆಮೇಲೆ ನಮ್ಮ ಕಡೆ ತಿರುಗಿ, "ಬಾಗ್ಲು ಬಡ್ದೋಳು ನಾನೇಯ. ಇಲ್ಲಿ ಕುಂತ್ಕಂಡು ಓಟ್ ಹಾಕೋದಾದ್ರೆ ಹಾಕ್ಬುಡಾನ, ಬಾಯಿ ಬುಡೋದು ಬ್ಯಾಡ ಅನ್ಕಂಡಿದ್ದೆ. ಈ ಮಗ ನನ್ ಹೆಸ್ರು ಮುಚ್ಚಿಕ್ಕಂಡು ಕುಂತದೆ. ನಾನ್ಯಾಕೆ ಇಲ್ಲಿ ಕುಂತಿರ್ಲಿ?"

ಸಾಕ್ಷಿ ಹೇಳುವವರು ಸಮಿತಿಯಲ್ಲಿ ಇರುವಂತಿಲ್ಲ, ಸದಸ್ಯತ್ವ ಬಿಡಬೇಕಾಗುತ್ತದೆ ಎಂದು ಮಧುಶ್ರೀ ಮೆಲ್ಲಗೆ ಹೇಳಿದಳು. "ಬುಟ್ಟೆ ತಗಾ" ಎಂದು ಪುಟ್ಟಗಂಗಮ್ಮ ಆ ಕಡೆ ಹೋಗಿ ನಿಂತರು. ಫರ್ಹಾ ಎದ್ದು ತನ್ನ ಕುರ್ಚಿ ಬಿಟ್ಟುಕೊಟ್ಟಳು.

ಹೇಳಿಕೆಯನ್ನು ಮುಂದಿನ ಗುರುವಾರಕ್ಕೆ ಇಟ್ಟೆವು. ಇವತ್ತು ತುಂಬಾ ಆಯಾಸ.

೧೬ ಅಕ್ಟೋಬರ್, ಗುರುವಾರ

ಕಾಂತೇಶ ಬರಲಿಲ್ಲ. ಜ್ವರವಂತೆ. ಪುಟ್ಟಗಂಗಮ್ಮ ಹೊರಗೆ ಬಂದಿರುವುದರಿಂದ ಉಳಿದಿರುವುದು ನಾವು ಮೂವರು. ಮೂವರಿಗಿಂತ ಕಡಿಮೆಯಾದರೆ ವಿಚಾರಣೆ ನಡೆಯುವಂತಿಲ್ಲ. ತೋಂಟದಾರ್ಯನಿಗೆ ಕಾನೂನು ಓದಲು ಬರುವುದಿಲ್ಲ ಎಂದುಕೊಂಡಿದ್ದೆ. ಬೇಕಾದ ಸಾಲನ್ನು ಓದಲು ಬರುತ್ತದೆ. ಹೊಸ ಸದಸ್ಯರನ್ನು ಹಾಕಿಕೊಡಿ ಎಂದು ನಾನು ಕೇಳಿದರೆ "ನೋಡಾನ, ದೀಪಾವಳಿ ಕಳೀಲಿ" ಎನ್ನುತ್ತಾನೆ. ತೊಂಬತ್ತು ದಿನದೊಳಗೆ ವಿಚಾರಣೆ ಮುಗಿಯಬೇಕು. ಅದನ್ನು ತಳ್ಳುವುದೇ ಇವನ ಆಟ.

ಸೋಮವಾರ ತಂದಿರದ ಪದಬಂಧವನ್ನು ಮೋಹನ್ ಕುಮಾರ್ ಇವತ್ತು ನನ್ನ ಮೇಜಿಗೆ ತಂದಿಟ್ಟ. ಎಲ್ಲ ಮನೆಗಳನ್ನೂ ತುಂಬದೆ ಖಾಲಿ ಬಿಟ್ಟಿದ್ದ. "ಇದು ಪೂರ್ತಿ ನಿಮಗೇ" ಎಂದು ನಕ್ಕ. ಮಧ್ಯಾಹ್ನ ಅದರ ಮೇಲೆ ಟೀ ಲೋಟ ಇಟ್ಟೆ.

೧೯ ಅಕ್ಟೋಬರ್, ಭಾನುವಾರ

ಹಂದನಕೆರೆಗೆ ಹೋಗಿ ಬಂದೆ. ಹೋಗಬೇಕು ಎಂದೆ, ಏಕೆ ಎಂದು ಹೇಳುವಂತಿಲ್ಲ ಎಂದೆ. ರಂಗಣ್ಣ ಏನೂ ಕೇಳದೆ ಮೊಪೆಡ್ ತೆಗೆದರು. ಜೀವನವೆಲ್ಲ ಬಸ್ಸು ಓಡಿಸಿದವರು ಮೊಪೆಡ್ಡನ್ನೂ ಬಸ್ಸಿನ ಹಾಗೆಯೇ ಓಡಿಸುತ್ತಾರೆ, ಪ್ರತಿ ಊರಿನಲ್ಲೂ ನಿಲ್ಲಿಸುತ್ತಾರೆ.

ಕಾಂತೇಶ ತೆಂಗಿನ ಗರಿ ಕಡಿಯುತ್ತಿದ್ದ. ಜ್ವರದವನ ಕೈಯಲ್ಲಿ ಮಚ್ಚು. ನನ್ನನ್ನು ನೋಡಿ ಮಚ್ಚನ್ನು ಬೆನ್ನ ಹಿಂದೆ ಇಟ್ಟುಕೊಂಡ.

"ಏನಪ್ಪ, ಎಷ್ಟಿದೆ ಜ್ವರ?"

"ಅಮ್ಮೋ, ಸಾವ್ಕಾರ್ರು ಬರ್ಬ್ಯಾಡ ಅಂದವ್ರೆ ಕಣಮ್ಮ. ಬಾಯ್ಲರ್ ಕೆಲ್ಸ ಹೋದ್ರೆ ನಂಗೆ ಬ್ಯಾರೆ ಏನೂ ಬರಾಕಿಲ್ಲ."

"ಕೆಲಸದಿಂದ ತೆಗೆದರೆ ನಾನು ಕೇಳುತ್ತೇನೆ. ತೆಗೆಯದಿದ್ದರೆ ನೀನು ಈಗಿನಂತೆಯೇ ತೂಕಡಿಸು. ಗುರುವಾರ ಬಂದು ಕುರ್ಚಿಯ ಮೇಲೆ ಕೂತು ತೂಕಡಿಸು. ನಿನ್ನಿಂದ ಬೇರೇನೂ ಬೇಡ."

ಅವನ ಹೆಂಡತಿ ಒಳಗಿನಿಂದ ಕೂಗಿದಳು: "ಹೋಗೋ ಮಾರಾಯ, ಆ ಮಗ ನಮ್ ಊರ್ದಾಗಿದ್ರೆ ಏನ್ ಮಾಡ್ತಿದ್ದೆ?" ಗುಟ್ಟು ಎಂಬುದು ನಮಗೆ ಮಾತ್ರ. ತಾಲ್ಲೂಕಿಗೆಲ್ಲ ಗೊತ್ತಿದೆ.

ದಾರಿಯಲ್ಲಿ ರಂಗಣ್ಣ ಎಳನೀರು ಕುಡಿಸಿದರು. "ಕೆಲಸ ಆಯ್ತಾ?" ಎಂದರು. ಆಯ್ತು ಎಂದೆ. ಅಷ್ಟೇ ಕೇಳಿದ್ದು.

೨೩ ಅಕ್ಟೋಬರ್, ಗುರುವಾರ

ಕಾಂತೇಶ ಬಂದ. ಒಂದು ನಿಮಿಷವೂ ತೂಕಡಿಸಲಿಲ್ಲ.

ಪುಟ್ಟಗಂಗಮ್ಮ ಹೇಳಿದರು. ಅವತ್ತು ಪೀಲಿಂಗ್ ಮುಗಿಸಿ ಚಾಕುಗಳನ್ನು ಒಪ್ಪಿಸಲು ಆ ಕಡೆ ಬಂದಿದ್ದರು. ಒಳಗಿನಿಂದ "ಸಾರ್, ಬಾಗ್ಲು ತೆಗೀರಿ" ಎಂದು ಮೂರು ನಾಲ್ಕು ಸಲ ಕೇಳಿಸಿತು. ದನಿ ಯಾರದೆಂದು ಗೊತ್ತಾಯಿತು. ಚಾಕುವಿನ ಬುಟ್ಟಿಯಿಂದಲೇ ಬಾಗಿಲು ಬಡಿದರು. ತೆಗೆದ ಮೇಲೆ ಹುಡುಗಿ ಓಡಿತು. ನೆಲದ ಮೇಲಿದ್ದ ದುಪಟ್ಟಾ ಇವರೇ ಎತ್ತಿಕೊಂಡರು. ಅದರ ಮೇಲೆ ಬೂಟಿನ ಗುರುತಿತ್ತು. ಒಗೆದು ಮಾರನೆಯ ದಿನ ಕೊಟ್ಟರು.

"ಇಷ್ಟು ದಿನ ಯಾಕೆ ಹೇಳಲಿಲ್ಲ?" ಎಂದು ಕೇಳಬೇಕಾದದ್ದು ನನ್ನ ಕೆಲಸ, ಕೇಳಿದೆ.

"ಯಾರ್ಗೇಳಾನಮ್ಮ? ನಿಮಗಾ?"

ಅದನ್ನು ಬರೆದುಕೊಳ್ಳಬೇಕೇ ಎಂದು ಮಧುಶ್ರೀ ನನ್ನ ಮುಖ ನೋಡಿದರು. ಬರೆದುಕೊಳ್ಳಿ, ಹೇಳಿಕೆ ಪೂರ್ತಿ ಇರಬೇಕು ಎಂದೆ.

ಮೋಹನ್ ಕುಮಾರನನ್ನು ಕೇಳಿದಾಗ ಬಾಗಿಲಿನ ಚಿಲಕ ಸರಿಯಿಲ್ಲ, ತಾನಾಗಿ ಬೀಳುತ್ತದೆ ಎಂದ. ಅವನೂ ಸೇರಿ ನಾಲ್ವರೂ ಎದ್ದು ಹೋಗಿ ನೋಡಿದೆವು. ಕಬ್ಬಿಣದ ಅಡ್ಡ ಚಿಲಕ. ಕೈಯಿಂದ ಎಳೆದರೂ ಎರಡು ಸಲ ಜಗ್ಗಬೇಕು. ಕಾಂತೇಶ ಜಗ್ಗಿ ತೋರಿಸಿದ. ಮೋಹನ್ ಕುಮಾರ್ ಮಧುಶ್ರೀ ಕಡೆಗಾಗಲೀ ಕಾಂತೇಶನ ಕಡೆಗಾಗಲೀ ನೋಡಲಿಲ್ಲ. ನನಗೆ ಮಾತ್ರ, ಅದೇ ಚೊಕ್ಕ ಕನ್ನಡದಲ್ಲಿ, "ತಾವು ವಿದ್ಯಾವಂತರು, ತಮಗೆ ಅರ್ಥವಾಗುತ್ತದೆ" ಎಂದ. ಅಷ್ಟು ಅಚ್ಚುಕಟ್ಟಾದ ವಾಕ್ಯಗಳೊಳಗೆ ಇಂಥ ಹಲ್ಕಾ ಮನುಷ್ಯ ಇರಬಹುದೆಂದು ಯಾರಿಗೆ ಗೊತ್ತು? ವ್ಯಾಕರಣಕ್ಕೆ ಅವಮಾನ.

೩ ನವೆಂಬರ್, ಸೋಮವಾರ

ವರದಿ ಕೊಟ್ಟೆವು. ದೂರು ನಿಜ. ಕೆಲಸದಿಂದ ತೆಗೆಯಬೇಕು. ಫರ್ಹಾಳನ್ನು ಪ್ಯಾಕಿಂಗಿಗೆ ವಾಪಸ್ ಹಾಕಬೇಕು. ಮೂವರ ಸಹಿ. ವರದಿ ಬರೆದದ್ದು ನಾನು. ಅವಳ ದೂರನ್ನು ಉದ್ಧರಿಸುವ ಕಡೆಯಲ್ಲೆಲ್ಲ 'ಕಿರಿಕುಳ' ಎಂದೇ ಬರೆದೆ. ಅವಳು ಬರೆದದ್ದು ಹಾಗೆ.

ತೋಂಟದಾರ್ಯ ಓದಿ, "ಸ್ವಲ್ಪ ಮೆತ್ತಗೆ ಬರೀಬೋದಿತ್ತು" ಎಂದ. ಇದು ಅನ್ನ ಅಲ್ಲ ಎಂದೆ.

೧೮ ನವೆಂಬರ್, ಮಂಗಳವಾರ

ವರದಿ ಪಕ್ಕಕ್ಕಿಟ್ಟರೆ ದಂಡ, ಅದು ಬೇರೆ ವಾರ್ಷಿಕ ವರದಿಯಲ್ಲಿ ಕಾಣುತ್ತದೆ ಎಂದು ಆಡಿಟರು ಮತ್ತೆ ಹೆದರಿಸಿರಬೇಕು. ವಜಾ ಆದೇಶಕ್ಕೆ ತೋಂಟದಾರ್ಯ ಸಹಿ ಹಾಕಿದ. ಹಾಕಿ ಫೈಲಿನಲ್ಲಿಟ್ಟು ಬೀಗ ಹಾಕಿದ. ಹೊರಗೆ ಹೇಳುತ್ತಿರುವುದು ಬೇರೆ: ಮೋಹನ್ ಕುಮಾರ್ ಸ್ವಂತ ಕಾರಣಕ್ಕೆ ರಾಜೀನಾಮೆ ಕೊಟ್ಟಿದ್ದಾನೆ, ಇದೇ ೨೮ಕ್ಕೆ ಇಟ್ಟುಕೊಂಡಿರುವ ಫ್ಯಾಕ್ಟರಿಯ ರಾಜ್ಯೋತ್ಸವದ ದಿನವೇ ಅವನಿಗೆ ಬೀಳ್ಕೊಡುಗೆ. ಶಾಲು, ಹಾರ, ಮೈಸೂರು ಪೇಟ.

"ಕಂಪ್ನಿ ಮರ್ಯಾದೆ ಪ್ರಶ್ನೆ ಅನಸೂಯಮ್ನೋರೆ. ನೀವೇ ಒಂದೆರ್ಡು ಒಳ್ಳೆ ಮಾತಾಡ್ಬುಡಿ. ಕನ್ನಡ ನಿಮ್ಮಷ್ಟು ಚೆನ್ನಾಗಿ ಯಾರ್ಗೂ ಬರಲ್ಲ."

ಆಗಲಿ ಎಂದೆ.

೨೬ ನವೆಂಬರ್, ಬುಧವಾರ

ಮಧುಶ್ರೀಗೆ ಫೋನ್ ಮಾಡಿದೆ. ಹೆಸರು, ಗುರುತು ಬಿಟ್ಟುಕೊಡದೆ ನ್ಯಾಯ ಸಿಕ್ಕಿದ್ದನ್ನು ಮಾತ್ರ ಹೇಳಲು ಕಾನೂನಿನಲ್ಲಿ ಒಂದು ಸಾಲು ಅವಕಾಶ ಇದೆ ಎಂದರು. "ಆದ್ರೆ ಮೇಡಂ, ಅವಳನ್ನ ಕೇಳದೆ ಬೇಡ."

ಅದು ನನಗೆ ಗೊತ್ತಿಲ್ಲವೇ? ಮೊದಲು ಅವಳ ಹತ್ತಿರ ಹೋಗಿಯೇ ಇವರಿಗೆ ಫೋನ್ ಮಾಡಿದ್ದು. ಪ್ಯಾಕಿಂಗಿನಲ್ಲಿ ಚೀಲ ಸೀಲ್ ಮಾಡುತ್ತಿದ್ದಳು. ಹೀಗೆ ಹೀಗೆ ಹೇಳಬೇಕೆಂದಿದ್ದೇನೆ, ನೀನು ಬೇಡ ಎಂದರೆ ಇಲ್ಲ, ಸುಮ್ಮನೆ ಕನ್ನಡಾಂಬೆಗೆ ಜೈ ಎಂದು ಇಳಿಯುತ್ತೇನೆ ಎಂದೆ.

ಸೀಲ್ ಮಾಡುವ ಕೈ ನಿಲ್ಲಲಿಲ್ಲ. "ಎಲ್ರಿಗೂ ಗೊತ್ತೇ ಇದೆ ಮೇಡಂ. ಗೊತ್ತಿಲ್ಲ ಅಂತ ನಾಟಕ ಆಡ್ತಿದಾರೆ ಅಷ್ಟೇ." ಇನ್ನೊಂದು ಚೀಲ ಮುಗಿಸಿದಳು. "ನಮ್ಮಪ್ಪ ಅವತ್ತಿಂದ ಅಂಗಡೀಲಿ ಮಾತಾಡೋದೇ ಬಿಟ್ಟಿದಾರೆ. ಹೇಳಿ. ಜೋರಾಗಿ ಹೇಳಿ."

೨೮ ನವೆಂಬರ್, ಶುಕ್ರವಾರ

ಅಂಗಳದಲ್ಲಿ ಶಾಮಿಯಾನ, ಹಳದಿ ಕೆಂಪು ಬಾವುಟ. ಗಂಡಸರು ಕುರ್ಚಿಯಲ್ಲಿ, ಪೀಲಿಂಗಿನವರು ಜಮಖಾನದ ಮೇಲೆ ಕಾಲು ಚಾಚಿಕೊಂಡು. ಮೋಹನ್ ಕುಮಾರ್ ವೇದಿಕೆಯ ಮೇಲೆ ಪೇಟ ತೊಟ್ಟು ಕೂತಿದ್ದ. ಎಷ್ಟು ಚೆನ್ನಾಗಿ ಒಪ್ಪುತ್ತಿತ್ತು ಎಂದರೆ ನೋಡಲು ಹೇಸಿಗೆಯಾಯಿತು. ತೋಂಟದಾರ್ಯ ಅವನ ಪ್ರಾಮಾಣಿಕತೆಯ ಬಗ್ಗೆ ಮಾತಾಡಿ ಮೈಕು ನನಗೆ ಕೊಟ್ಟ.

ನಾನು ಹೇಳಿದ್ದು ಇಷ್ಟೇ:

"ನಾನು ಈ ಫ್ಯಾಕ್ಟರಿಯ ಆಂತರಿಕ ಸಮಿತಿಯ ಅಧ್ಯಕ್ಷೆ. ಈ ವರ್ಷ ನಮಗೆ ಒಂದು ದೂರು ಬಂದಿತ್ತು. ವಿಚಾರಣೆ ಮಾಡಿದೆವು. ದೂರು ನಿಜವಾಗಿತ್ತು. ತಪ್ಪು ಮಾಡಿದವನನ್ನು ಕೆಲಸದಿಂದ ವಜಾ ಮಾಡಿ ಮಾಲೀಕರು ಸಹಿ ಹಾಕಿದ್ದಾರೆ. ಯಾರ ಹೆಸರನ್ನೂ ನಾನು ಹೇಳುವಂತಿಲ್ಲ, ಹೇಳುವುದಿಲ್ಲ. ಇನ್ನು ಮುಂದೆ ಯಾರಿಗೇ ಇಂಥದ್ದಾದರೂ ನನ್ನ ಮೇಜಿಗೆ ಬನ್ನಿ. ಕಾಗುಣಿತ ನೋಡುವುದಿಲ್ಲ. ಕನ್ನಡಾಂಬೆಗೆ ಜಯವಾಗಲಿ."

ಯಾರೂ ಜೈ ಎನ್ನಲಿಲ್ಲ. ಮೈಕು ಕುಂಯ್ ಎಂದಿತು. ತೋಂಟದಾರ್ಯ ಅದನ್ನು ಕಿತ್ತುಕೊಂಡು "ಈಗ ಉಪಾಹಾರ, ಉಪಾಹಾರ" ಎಂದ. ಮೋಹನ್ ಕುಮಾರ್ ಎದ್ದ. ಕಾರಿನ ಹತ್ತಿರ ಹೋಗಲು ಜಮಖಾನ ದಾಟಬೇಕಿತ್ತು. ಹೆಂಗಸರು ಅವನನ್ನು ತಡೆಯಲಿಲ್ಲ. ಚಾಚಿದ ಕಾಲುಗಳನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ, ಅಷ್ಟೆ. ಪೇಟ, ಶಾಲು, ಹಾರ ಹೊತ್ತುಕೊಂಡು ಅವನು ಒಂದೊಂದೇ ಕಾಲನ್ನು ದಾಟಿಕೊಂಡು ಹೋಗಬೇಕಾಯಿತು. ಕೊನೆಯವರು ಪುಟ್ಟಗಂಗಮ್ಮ. ಅವರು ಕೇಸರಿಬಾತ್ ತಿನ್ನುತ್ತಿದ್ದರು, ತಲೆ ಎತ್ತಲಿಲ್ಲ.

೧ ಡಿಸೆಂಬರ್, ಸೋಮವಾರ

ನನ್ನನ್ನು ಆಫೀಸಿನಿಂದ ಗೇಟಿನ ತೂಕದ ಮನೆಗೆ ಹಾಕಿದ್ದಾನೆ. ಲಾರಿಗಳ ಧೂಳು. ಅಧ್ಯಕ್ಷ ಸ್ಥಾನದಿಂದ ತೆಗೆಯಲು ಮಾತ್ರ ಅವನಿಗೆ ಆಗುವುದಿಲ್ಲ, ಮೂರು ವರ್ಷದ ಅವಧಿ, ಬೇಕಾದ ಹಾಗೆ ಕಿತ್ತುಹಾಕುವಂತಿಲ್ಲ ಎಂದು ಅವನಿಗೆ ಕೊಡಲು ಮಧುಶ್ರೀ ಪತ್ರ ಬರೆದುಕೊಟ್ಟಿದ್ದಾರೆ. ಪತ್ರದಲ್ಲಿ ಎರಡು ತಪ್ಪಿತ್ತು. ತಿದ್ದದೆ ಹಾಗೇ ಅವನಿಗೆ ಕಳಿಸಿದೆ.

ಸಾಯಂಕಾಲ ಗೇಟಿನಲ್ಲಿ ಬಸ್ಸಿಗೆ ನಿಲ್ಲುವ ಹೆಂಗಸರು ಈಗ ನನ್ನ ಕಿಟಕಿಯ ಪಕ್ಕದಲ್ಲೇ ನಿಲ್ಲುತ್ತಾರೆ. ವಿಪರೀತ ಗಲಾಟೆ. ಬಸ್ಸು ತಡವಾದರೆ ಒಳಗೇ ಬಂದು ಕೂರುತ್ತಾರೆ.

೭ ಡಿಸೆಂಬರ್, ಭಾನುವಾರ

ಮನೆಗೆ ಒಬ್ಬಳು ಬಂದಿದ್ದಳು. ಹೆಸರು ರಾಮಲಕ್ಷ್ಮಮ್ಮ, ಹುಳಿಯಾರಿನ ಹತ್ತಿರ ನಾರಿನ ಹಗ್ಗ ಮಾಡುವ ಒಂದು ಸಣ್ಣ ಘಟಕದಲ್ಲಿ ಕೆಲಸ. ನಮ್ಮ ಫ್ಯಾಕ್ಟರಿಗೂ ಅವಳಿಗೂ ಸಂಬಂಧವೇ ಇಲ್ಲ. ಫರ್ಹಾ ಕರೆದುಕೊಂಡು ಬಂದಿದ್ದಳು. "ಅರ್ಜಿ ತಕಳೋ ಅಮ್ಮ ನೀವೇನಾ?" ಎಂದಳು ರಾಮಲಕ್ಷ್ಮಮ್ಮ.

ನಮ್ಮ ಸಮಿತಿ ನಮ್ಮ ಫ್ಯಾಕ್ಟರಿಗೆ ಮಾತ್ರ. ನೀವು ಅಲ್ಲಿ ಕೆಲಸ ಮಾಡುವವರು ಎಂಟೇ ಜನ. ಹತ್ತು ಜನರಿಗಿಂತ ಕಡಿಮೆ ಇದ್ದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಕೊಡಬೇಕು, ತುಮಕೂರಿಗೆ ಹೋಗಬೇಕು ಎಂದು ಬಿಡಿಸಿ ಹೇಳಿದೆ. ಎಲ್ಲಕ್ಕೂ ತಲೆಯಾಡಿಸಿದಳು. ಒಂದೂ ಅರ್ಥವಾಗಿಲ್ಲ ಎಂದು ಕಣ್ಣು ನೋಡಿದರೇ ಗೊತ್ತಾಗುತ್ತಿತ್ತು. ತುಮಕೂರಿಗೆ ಯಾವತ್ತೂ ಹೋಗಿಯೇ ಇಲ್ಲವಂತೆ. ಬಸ್ಸು ಬಿಟ್ಟಿ, ಆದರೂ ಹೋಗಿಲ್ಲ. ಕಚೇರಿಯಲ್ಲಿ ಯಾರನ್ನು ಕೇಳಬೇಕು, ಎಲ್ಲಿ ನಿಲ್ಲಬೇಕು, ಯಾವನಾದರೂ ನಾಳೆ ಬಾ ಎಂದರೆ ಏನು ಹೇಳಬೇಕು, ಒಂದೂ ತಿಳಿಯದು. ಇಂಥವರನ್ನು ಒಬ್ಬರನ್ನೇ ಕಳಿಸಿದರೆ ಮೊದಲ ಮೇಜಿನವನೇ ಗದರಿಸಿ ಓಡಿಸುತ್ತಾನೆ. ಮೊದಲ ಮೇಜಿನವರನ್ನು ನಾನು ಬಲ್ಲೆ.

ಕರ್ಮ. ನಾಳೆ ರಜೆ ಹಾಕಿದ್ದೇನೆ. ಮೊದಲ ಬಸ್ಸಿಗೆ ಮೂವರೂ ಹೋಗುತ್ತೇವೆ.